‘ಕಾರ್ಯಭಾರ ಇಲ್ಲ’ ಎನ್ನುವವರು ವೇಳಾಪಟ್ಟಿ ತೋರಿಸಲಿ

ಮಾನ್ಯರೇ,

ಸೋಮವಾರದ ಜಿಲ್ಲಾ ಪುಟದಲ್ಲಿ, ನಾನು ಅತಿಥಿ ಉಪನ್ಯಾಸಕಿಯಾಗಿರುವ ವಿಶ್ವವಿದ್ಯಾಲಯದ ಸುದ್ದಿ ಓದಿದೆ. ಕಾರ್ಯಭಾರ, ಅಂದರೆ ಪಾಠದ ಗಂಟೆಗಳು, ಸಾಲದ್ದರಿಂದ ಈ ಸೆಮಿಸ್ಟರ್‌ಗೆ ಅತಿಥಿ ಉಪನ್ಯಾಸಕರನ್ನು ಕಡಿಮೆ ಮಾಡುತ್ತಾರಂತೆ, ಇರುವ ಕಾರ್ಯಭಾರವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದಾರಂತೆ. ಸಮನಾಗಿ! ಹೇಳಿಕೆ ಕೊಟ್ಟ ಅಧಿಕಾರಿಗಳು ಒಂದೇ ಒಂದು ವಿಭಾಗದ ವೇಳಾಪಟ್ಟಿಯನ್ನು ಕಣ್ಣಿನಿಂದ ನೋಡಿದ್ದರೆ ಈ ಮಾತು ಬಾಯಿಂದ ಬರುತ್ತಿರಲಿಲ್ಲ. ನಿಮ್ಮ ವರದಿಗಾರರಾದರೂ ಕ್ಯಾಂಪಸ್ಸಿಗೆ ಬಂದು, ನಿಮಗೆ ಪಾಠ ಮಾಡುವವರು ಯಾರಪ್ಪಾ ಎಂದು ನಾಲ್ಕು ಮಕ್ಕಳನ್ನು ಕೇಳಬಹುದಿತ್ತು.

ಅದೇ ಮಧ್ಯಾಹ್ನ ಹೊಸ ವೇಳಾಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬಂತು. ನನಗೆ ಬೆಳಿಗ್ಗೆ ಮೊದಲನೇ ಪೀರಿಯಡ್ಡು, ಸಂಜೆ ಕೊನೇ ಪೀರಿಯಡ್ಡು. ನಡುವೆ ಇಡೀ ದಿನ ಖಾಲಿ. ಖಾಲಿ ಅಂದರೆ ಬಿಡುವಲ್ಲ. ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಫೈಲು ಜೋಡಿಸು, ಹಾಜರಿ ಕ್ರೋಢೀಕರಿಸು, ಟೆಸ್ಟಿಗೆ ಕೊಠಡಿ ಮೇಲ್ವಿಚಾರಣೆಗೆ ನಿಲ್ಲು. ಇದ್ಯಾವುದಕ್ಕೂ ಗೌರವಧನದ ಬಿಲ್ಲಿನಲ್ಲಿ ಜಾಗ ಇಲ್ಲ. ಕೂತುಕೊಳ್ಳಲು ನಮಗೊಂದು ಕುರ್ಚಿಯೂ ಇಲ್ಲ, ಗ್ರಂಥಾಲಯದ ಪಡಸಾಲೆಯೇ ಗತಿ. ಕೊನೇ ಪೀರಿಯಡ್ಡು ಮುಗಿಯುವುದೂ ಐದೂವರೆಗೆ, ನಮ್ಮ ಊರ ಕಡೆಯ ಬಸ್ಸು ಗೇಟು ದಾಟುವುದೂ ಐದೂವರೆಗೆ. ಹೆದ್ದಾರಿಯ ಆ ತಿರುವಿನಲ್ಲಿ ಕತ್ತಲಾದ ಮೇಲೆ ಹೆಣ್ಣುಮಕ್ಕಳು ನಿಲ್ಲುವ ಪಾಡು ಈ ಊರಿನ ಎಲ್ಲರಿಗೂ ಗೊತ್ತು. ಶೇರ್ ಆಟೊದಲ್ಲಿ ಬಸ್‌ಸ್ಟ್ಯಾಂಡ್ ಸೇರಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮನೆ ತಲುಪುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರವಾಗಿ ಪಾಠ ಮಾಡಬೇಕು. ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಾಗಬಾರದು. ನಿಯಮದಲ್ಲಿ ತಪ್ಪೇನೂ ಇಲ್ಲ, ಲೆಕ್ಕ ತುಂಬಿಸುವ ರೀತಿಯಲ್ಲಿ ಇದೆ. ಪೇಪರುಗಳನ್ನು, ಅಂದರೆ ಪಾಠದ ವಿಷಯಗಳನ್ನು, ಹಂಚುವಾಗ ಹಿರಿಯ ಕಾಯಂ ಅಧ್ಯಾಪಕರು ತಮಗೆ ಬೇಕಾದ್ದನ್ನು ಮೊದಲು ಆರಿಸಿಕೊಳ್ಳುತ್ತಾರೆ. ಅದಕ್ಕೆ ಪ್ರಾಜೆಕ್ಟು, ಸೆಮಿನಾರು, ಟ್ಯುಟೋರಿಯಲ್ಲು ಎಲ್ಲ ಸೇರಿಸಿ ಗಂಟೆ ಭರ್ತಿ ಮಾಡುತ್ತಾರೆ. ಆಮೇಲೆ ಅವರು ಪಠ್ಯಕ್ರಮ ರೂಪಿಸುವ ಮಂಡಳಿಯ (ಬಿಒಎಸ್) ಸಭೆಗೋ ಇನ್ನೊಂದು ವಿಶ್ವವಿದ್ಯಾಲಯದ ಮೌಖಿಕ ಪರೀಕ್ಷೆಗೋ (ವೈವಾ) ಹೊರಟರೆ, ‘ಮೇಡಂ, ನನ್ನ ಕ್ಲಾಸ್ ಸ್ವಲ್ಪ ನೋಡ್ಕೊಳ್ಳಿ’ ಎಂದು ಫೋನು. ಪಾಠ ಮಾಡಿದವಳು ನಾನು, ಕಾರ್ಯಭಾರದ ಪಟ್ಟಿಯಲ್ಲಿ ಹೆಸರು ಅವರದು. ಇಲ್ಲ ಎಂದರೆ ಮುಂದಿನ ಸೆಮಿಸ್ಟರ್‌ಗೆ ನಾನೇ ಇರುವುದಿಲ್ಲ.

ಎಂ.ಕಾಂ. ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ವರದಿಗಳನ್ನೇ ನೋಡಿ. ಪ್ರಶ್ನಾವಳಿ ತಿದ್ದಿಸಿಕೊಳ್ಳಲು, ಕೋಷ್ಟಕ ಹಾಕಿಸಿಕೊಳ್ಳಲು ಮಕ್ಕಳು ಹುಡುಕಿಕೊಂಡು ಬರುವುದು ಗ್ರಂಥಾಲಯದ ಪಡಸಾಲೆಗೆ. ಬೈಂಡ್ ಆಗಿ ಬಂದ ಪ್ರತಿಯ ಪ್ರಮಾಣಪತ್ರದ ಹಾಳೆಯಲ್ಲಿ ‘ಮಾರ್ಗದರ್ಶಕರು’ ಎಂಬಲ್ಲಿ ಸಹಿ ಮಾತ್ರ ಬೇರೆಯವರದು. ಇನ್ನು ಆಂತರಿಕ ಅಂಕ ಅಪ್‌ಲೋಡ್ ಮಾಡುವ ಕೆಲಸ ಬಿದ್ದಿರುವುದು ನಮ್ಮ ತಲೆಗೆ, ಲಾಗಿನ್ ಇರುವುದು ಮುಖ್ಯಸ್ಥರ ಹೆಸರಿನಲ್ಲಿ. ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ಹಗಲು ಸರ್ವರ್ ಏಳುವುದಿಲ್ಲ. ರಾತ್ರಿ ಎದ್ದಾಗ ಫೋನು ಮಾಡಿ ‘ಸರ್, ಒಟಿಪಿ ಹೇಳಿ’ ಎಂದು ಅಂಗಲಾಚಬೇಕು. ಅವರು ಮಲಗಿಬಿಟ್ಟಿದ್ದರೆ, ಕೊನೆಯ ದಿನಾಂಕ ಮೀರಿದ್ದಕ್ಕೆ ನೋಟಿಸು ನನಗೆ.

ಕಾಯಂ ಅಧ್ಯಾಪಕರೆಲ್ಲ ಸುಖವಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲೇ ಒಬ್ಬ ಮೇಡಂ ಇದ್ದಾರೆ. ಹಾಸ್ಟೆಲ್ ವಾರ್ಡನ್ ಅವರೇ, ಎನ್‌ಎಸ್‌ಎಸ್ ಅವರೇ, ಪ್ರವೇಶಾತಿ ಸಮಿತಿಯೂ ಅವರೇ. ಕೆಲಸ ಮಾಡುವವರು ಎಂದು ಗೊತ್ತಾದರೆ ಸಾಕು, ಎಲ್ಲವನ್ನೂ ತಂದು ಅವರ ಮೇಲೆ ಹೇರುತ್ತಾರೆ. ಅವರ ಪಿಎಚ್‌.ಡಿ. ವಿದ್ಯಾರ್ಥಿಗಳು ಅಧ್ಯಾಯ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಅದೇ ಸಾಲಿನ ಇನ್ನೊಂದು ಕೊಠಡಿಯ ಬೀಗ ವಾರಕ್ಕೆರಡು ಸಲ ತೆರೆದರೆ ಹೆಚ್ಚು. ಇದನ್ನು ಸಮಾನ ಹಂಚಿಕೆ ಎಂದು ಕರೆಯಲು ನಾಚಿಕೆಯಾಗಬೇಡವೇ?

ಇದೇನು ಇವತ್ತಿನ ರೋಗವೇ? 2022ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಗೌರವಧನ ಏರಿಸಿದೆವೆಂದು ರಾಜ್ಯ ಸರ್ಕಾರದವರು ದೊಡ್ಡದಾಗಿ ಸಾರಿದರು. ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿ, ಇಬ್ಬರ ಪಾಠವನ್ನು ಒಬ್ಬರಿಗೆ ಕಟ್ಟಿದರು. ಒಬ್ಬರ ಸಂಬಳ ಹೆಚ್ಚಿತು, ಇನ್ನೊಬ್ಬರ ಅನ್ನ ಹೋಯಿತು. ನಾನು ಆಗ ಕೆಲಸ ಕಳೆದುಕೊಂಡೇ ಇಲ್ಲಿಗೆ ಬಂದವಳು. 2021ರಲ್ಲಿ ದೇಶದಲ್ಲೇ ಮೊದಲು ಎಂದು ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ತಂದು, ಬೇರೆ ವಿಭಾಗದ ಮಕ್ಕಳೂ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಎಂಬ ಹೊಸ ಪೇಪರುಗಳನ್ನು ತುರುಕಿದರು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ, ಸರ್ಕಾರ ಬದಲಾದಾಗಲೆಲ್ಲ ಪೇಪರು ಏರಿ ಇಳಿಯುತ್ತದೆ, ಮನೆಗೆ ಹೋಗುವವರು ನಾವು. 2023ರಲ್ಲಿ ಏಳು ಹೊಸ ವಿಶ್ವವಿದ್ಯಾಲಯ ತೆರೆದರು, 2025ರ ಹೊತ್ತಿಗೆ ಮುಚ್ಚುವ ಮಾತಾಡಿದರು. ಇರುವ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತರ ಜಾಗ ತುಂಬಲು ಯಾರಿಗೂ ಪುರುಸೊತ್ತಿಲ್ಲ. ಅತಿಥಿ ಬೋಧಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000ದವರೆಗೆ ಕೊಡಬಹುದೆಂದು 2019ರಲ್ಲೇ ಯುಜಿಸಿ ಹೇಳಿದೆ. ನಮ್ಮ ಹಣಕಾಸು ವಿಭಾಗಕ್ಕೆ ಆ ಸುತ್ತೋಲೆ ಇನ್ನೂ ತಲುಪಿಲ್ಲವೇನೋ. ಕೇಳಲು ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಈ ಸಾಹೇಬರು ಮೀಟಿಂಗ್‌ನಿಂದ ಎದ್ದದ್ದನ್ನು ನೋಡಿದವರು ಯಾರಾದರೂ ಇದ್ದಾರೆಯೇ? ಕಳೆದ ಪರೀಕ್ಷೆಯ ಮೌಲ್ಯಮಾಪನದ ದುಡ್ಡೂ ಅದೇ ಮೀಟಿಂಗ್‌ನಲ್ಲಿ ಸಿಕ್ಕಿಕೊಂಡಿದೆ.

ಆದ್ದರಿಂದ ಪ್ರತಿ ವಿಭಾಗದಲ್ಲಿ ಯಾರು ಎಷ್ಟು ಪಾಠ ಮಾಡುತ್ತಾರೆ, ಉಳಿದ ಕೆಲಸ ಯಾರು ಮಾಡುತ್ತಾರೆ ಎಂಬುದನ್ನು ಹೆಸರು ಸಮೇತ ನೋಟಿಸ್ ಬೋರ್ಡಿಗೆ ಹಾಕಲಿ. ಹಾಕಿದರೆ ಸಾಲದು, ಅದರಂತೆ ನಡೆಯುತ್ತಿದೆಯೇ ಎಂದು ಬಂದು ನೋಡಲಿ. ಖಾಲಿ ಹುದ್ದೆಗಳನ್ನೂ ತುಂಬಲಿ. ಉನ್ನತ ಶಿಕ್ಷಣ ಸಚಿವರು ಈ ಕಡೆ ಗಮನ ಹರಿಸಬೇಕು, ಇಲ್ಲವೇ ಕುಲಪತಿಗಳಾದರೂ ಹರಿಸಬೇಕು, ಯಾರಾದರೊಬ್ಬರು ಏನಾದರೂ ಮಾಡಬೇಕು. ಅದಾಗದಿದ್ದರೆ ಪತ್ರಿಕೆಗಳಿಗೆ ಇಂಥ ಸುಳ್ಳು ಹೇಳಿಕೆ ಕೊಡುವುದನ್ನಾದರೂ ನಿಲ್ಲಿಸಲಿ.

– ನೊಂದ ಅತಿಥಿ ಉಪನ್ಯಾಸಕಿ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)