ಬೀಜದ ಹುಣಸೆ ಸಸಿಯಿಂದ ಕಸಿ ಗಿಡಕ್ಕೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೂ ಸಂಘದ ಸದಸ್ಯರಿಗೂ ವಂದನೆಗಳು.

ವಿಷಯ: ಹುಣಸೆ ಸಸಿಗಳ ಮಾರಾಟದಲ್ಲಿ ಬದಲಾವಣೆ

ಫಸಲಿನ ಆದಾಯಕ್ಕಾಗಿ ಹುಣಸೆ ತೋಪು ಮಾಡುವವರಿಗೆ ಬೀಜದಿಂದ ಬೆಳೆಸಿದ ಸಸಿಗಳನ್ನು ಕೊಡುವುದನ್ನು ಈ ಮುಂಗಾರಿನಿಂದ ನಿಲ್ಲಿಸಿ, ಅವರಿಗೆ ಕಸಿ ಗಿಡಗಳನ್ನು ಮಾತ್ರ ಕೊಡಬೇಕೆಂದು ನಮ್ಮ ಸಹಕಾರ ಸಂಘದ ಆಡಳಿತ ಮಂಡಳಿ ತೀರ್ಮಾನಿಸಿದೆ. ಕಸಿ ಗಿಡದ ಬೆಲೆ ಬೀಜದ ಸಸಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಕಾರಣವನ್ನು ತಮ್ಮ ಮುಂದೆ ವಿವರವಾಗಿ ಇಡುವುದು ನಮ್ಮ ಕರ್ತವ್ಯ.

ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಹುಣಸೆ ಬಹುಕಾಲ ಹೆಚ್ಚಿನವರು ಎಕರೆಗಟ್ಟಲೆ ನೆಟ್ಟು ಬೆಳೆಸಿದ ಬೆಳೆಯಾಗಿರಲಿಲ್ಲ. ಬದುವಿನ ಮೇಲೆ, ಗುಂಡುತೋಪಿನಲ್ಲಿ, ರಸ್ತೆಯ ಪಕ್ಕದಲ್ಲಿ ಹಿಂದಿನಿಂದ ಇದ್ದ ಮರದ ಫಸಲನ್ನು ವರ್ಷಕ್ಕೊಮ್ಮೆ ಗುತ್ತಿಗೆಗೆ ಕೊಟ್ಟರೆ ಬಂದದ್ದೇ ಲಾಭವೆನ್ನುತ್ತಿದ್ದರು. ಕೊಳವೆಬಾವಿಗಳು ಬತ್ತಿ, ಕೂಲಿಗೆ ಆಳು ಸಿಗದಂತಾದ ಮೇಲೆ ಎಕರೆಗಟ್ಟಲೆ ಹುಣಸೆ ಹಾಕುವವರು ಬರತೊಡಗಿದರು. ಆಗ ನಾವು, ಚೆನ್ನಾಗಿ ಫಲ ಕೊಡುವ ಮರದ ಬೀಜದಿಂದ ಸಸಿ ಮಾಡಿದರೆ ಸಾಕೆಂದು ನಂಬಿ, ಹಾಗೆಯೇ ಹೇಳಿ ಮಾರಿದೆವು.

ಆ ನಂಬಿಕೆ ತಪ್ಪಾಗಿತ್ತು. ಹುಣಸೆ ಹೂವಿನಲ್ಲಿ ಪರಕೀಯ ಪರಾಗಸ್ಪರ್ಶವೇ, ಅಂದರೆ ಬೇರೆ ಮರದ ಪರಾಗ ಬಂದು ಸೇರುವುದೇ ಹೆಚ್ಚು. ತಾಯಿಮರ ಎಷ್ಟೇ ಒಳ್ಳೆಯದಾಗಿದ್ದರೂ ಅದರ ಬೀಜದ ಗಿಡ ತಾಯಿಯಂತೆಯೇ ಆಗುತ್ತದೆಂಬ ಭರವಸೆಯಿಲ್ಲ. ಬೀಜದ ಗಿಡ ಫಲಕ್ಕೆ ಬರಲು ಸಾಮಾನ್ಯವಾಗಿ 8ರಿಂದ 10 ವರ್ಷ ಬೇಕು. ಅಷ್ಟು ವರ್ಷ ನೀರೆರೆದು, ಆಡು ಕುರಿಗಳಿಂದ ಕಾಪಾಡಿದ ನಮ್ಮ ಗ್ರಾಹಕರೊಬ್ಬರ ತೋಪಿನಲ್ಲಿ ಒಂದೇ ಸಾಲಿನ ಒಂದು ಮರ ತಿರುಳು ತುಂಬಿದ ಅಗಲ ಕಾಯಿ ಕೊಟ್ಟರೆ, ಪಕ್ಕದ ಮರದ ಕಾಯಿ ಬರೀ ಬೀಜ ಮತ್ತು ನಾರು, ಅದರಾಚೆಯ ಮರ ಹೂ ಬಿಟ್ಟೂ ಕಾಯಿ ಕಚ್ಚದೆ ನಿಂತಿದೆ. ಅವರಿಗೆ ಸಸಿ ಕೊಟ್ಟವರು ನಾವೇ. ಸಸಿಯ ಹಣವನ್ನು ಹಿಂದಿರುಗಿಸಬಹುದು, ಕಳೆದ ವರ್ಷಗಳನ್ನು ಹಿಂದಿರುಗಿಸಲಾಗದು. ಈ ನಿರ್ಧಾರ ಹುಟ್ಟಿದ್ದು ಅವರ ತೋಪನ್ನು ನೋಡಿ ಬಂದ ಮೇಲೆಯೇ.

ಕಸಿ ಗಿಡದಲ್ಲಿ ಬೇರು ಬೀಜದ ಸಸಿಯದು, ಮೇಲಿನ ಕುಡಿ ಪರೀಕ್ಷಿಸಿದ ತಾಯಿಮರದ್ದು. ಹಾಗಾಗಿ ಹಣ್ಣು ತಾಯಿಮರದ ಗುಣವನ್ನೇ ಉಳಿಸಿಕೊಳ್ಳುತ್ತದೆ, 4ರಿಂದ 5ನೇ ವರ್ಷದಲ್ಲಿ ಫಸಲು ಆರಂಭವಾಗುತ್ತದೆ. ಮರ ಅತಿ ಎತ್ತರಕ್ಕೆ ಹೋಗದಿರುವುದರಿಂದ ಕೊಯ್ಲೂ ಸುಲಭ. ಕೊಂಬೆಯ ತುದಿಗೆ ಹತ್ತಿ ಕಾಯಿ ಉದುರಿಸುವವರು ಬಿದ್ದು ಕೈಕಾಲು ಮುರಿದುಕೊಳ್ಳುವುದನ್ನು ಕಂಡವರಿಗೆ ಇದು ಸಣ್ಣ ವಿಷಯವಲ್ಲ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ಎಂಬ ಹುಣಸೆ ತಳಿಯ ಜೊತೆಗೆ, ನಮ್ಮ ಸೀಮೆಯಲ್ಲೇ ಹಲವು ಫಸಲುಗಳನ್ನು ಗಮನಿಸಿ ಆರಿಸಿಕೊಂಡ ಮರಗಳ ಕುಡಿಯಿಂದ ಕಟ್ಟಿದ ಗಿಡಗಳೂ ನಮ್ಮಲ್ಲಿವೆ. ಬೇರುಸಸಿಯನ್ನು ಮೊದಲು ಬೆಳೆಸಬೇಕು, ಅದರ ದಪ್ಪಕ್ಕೆ ಹೊಂದುವ ಕುಡಿಯನ್ನು ಹುಡುಕಬೇಕು, ಕಟ್ಟಿದ ಮೇಲೆ ತೇವ ಆರದಂತೆ ಕಾಯಬೇಕು; ಇಷ್ಟೆಲ್ಲ ಮಾಡಿದರೂ ಒಂದಷ್ಟು ಕಸಿ ಹಿಡಿಯುವುದೇ ಇಲ್ಲ. ಬೆಲೆ ಹೆಚ್ಚಾಗಲು ಕಾರಣ ಇದೇ ಹೊರತು ಬೇರೇನೂ ಅಲ್ಲ.

ಬೀಜದ ಸಸಿಗಳನ್ನು ಪೂರ್ತಿಯಾಗಿ ಕೈಬಿಡುತ್ತಿಲ್ಲ. ಶಾಲೆಯ ಆವರಣಕ್ಕೆ, ದೇವಸ್ಥಾನದ ಬಯಲಿಗೆ, ಕೆರೆಯ ಅಂಗಳದ ಅಂಚಿಗೆ, ನೆರಳಿಗಾಗಿ ಮರ ಬೇಕೆನ್ನುವವರಿಗೆ ಅವು ಹಿಂದಿನ ಬೆಲೆಗೇ ಸಿಗುತ್ತವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳೆಯ ಮರಗಳಲ್ಲಿ ಕಾಣುವ ವೈವಿಧ್ಯ ಬೀಜದಿಂದಲೇ ಬಂದದ್ದು. ಎಲ್ಲರೂ ನಾಲ್ಕಾರು ತಾಯಿಮರಗಳ ಕಸಿಯನ್ನೇ ನೆಟ್ಟರೆ, ನಾಳೆ ಹೊಸ ತಾಯಿಮರ ಹುಡುಕಲು ಹೋಗುವವರಿಗೆ ಏನೂ ಉಳಿಯದು ಎಂಬ ಆತಂಕ ನಮಗಿದೆ. ತೋಪಿಗೆ ಕಸಿ ಗಿಡ, ಊರಿನ ಬಯಲಿಗೆ ಬೀಜದ ಗಿಡ ಎಂದು ನಾವು ವಿಂಗಡಿಸಿಕೊಂಡದ್ದು ಇದಕ್ಕಾಗಿ.

ಎರಡನೆಯ ಬದಲಾವಣೆ ವಿತರಣೆಯ ಕಾಲಕ್ಕೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಒಯ್ದು ಮನೆಯ ಹಿತ್ತಲಲ್ಲಿಟ್ಟ ಕಸಿ ಗಿಡಗಳು ಗುಣಿಗೆ ಹೋಗುವ ಮೊದಲೇ ಸೊರಗುವುದರಿಂದ, ಇನ್ನು ಮುಂದೆ ಮುಂಗಾರಿನ ಹದಮಳೆ ಬಿದ್ದ ಮೇಲಷ್ಟೇ ಗಿಡಗಳನ್ನು ಕೊಡಲಾಗುವುದು. ಗುಣಿಗಳನ್ನು ಮಾತ್ರ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು: ಉದ್ದ, ಅಗಲ, ಆಳ ಮೂರೂ ಸುಮಾರು 3 ಅಡಿ, ಗಿಡದಿಂದ ಗಿಡಕ್ಕೆ 10 ಮೀಟರ್ ಅಂತರ. ಮೇಲ್ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದಂತಾಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ನೆಡಬಾರದು.

ನೆಡುವಾಗ ಕಸಿಯ ಗಂಟು, ಅಂದರೆ ಬೇರುಸಸಿಗೆ ಕುಡಿ ಸೇರಿದ ಜಾಗ, ಮಣ್ಣಿನಿಂದ ಮೇಲಿರಲೇಬೇಕು. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡಕಂಡಾಗ ಚಿವುಟಿ ಹಾಕಬೇಕು. ಅದು ಬೇರುಸಸಿಯ ಚಿಗುರು, ಬಿಟ್ಟರೆ ಮೇಲಿನ ಕುಡಿಯನ್ನು ಹಿಂದೆ ಹಾಕಿ ತಾನೇ ಮರವಾಗುತ್ತದೆ, ಕಸಿಯ ಹಣ ಕೊಟ್ಟವರು ಬೀಜದ ಮರವನ್ನೇ ಸಾಕಿದಂತಾಗುತ್ತದೆ. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಉಳಿದಿದ್ದರೆ ಕಾಂಡವನ್ನು ಬಿಗಿಯುವ ಮೊದಲು ಬಿಚ್ಚಬೇಕು. ಮೊದಲ ಎರಡು ಬೇಸಿಗೆಯಲ್ಲಿ ನೀರು ಕೊಟ್ಟು, ಬೇಲಿ ಭದ್ರವಾಗಿಟ್ಟರೆ ಆಮೇಲೆ ಹುಣಸೆ ಹೆಚ್ಚೇನೂ ಕೇಳುವುದಿಲ್ಲ. ಗಿಡಗಳು ಹಬ್ಬುವವರೆಗೆ ಸಾಲುಗಳ ನಡುವೆ ಹುರುಳಿ, ಅಲಸಂದೆ, ರಾಗಿ ಬೆಳೆಯಬಹುದು.

ಈಗಾಗಲೇ ನಮ್ಮಿಂದ ಬೀಜದ ಸಸಿ ಒಯ್ದವರಲ್ಲಿ ಒಂದು ವಿನಂತಿ. ಗಿಡಗಳು ಇನ್ನೂ ಎಳೆಯವಾಗಿದ್ದರೆ ನಿಂತಲ್ಲೇ ಕಸಿ ಕಟ್ಟಲು ಸಾಧ್ಯವಿದೆ. ಸಂಘದ ಕಸಿ ಕಟ್ಟುವವರು ತಮ್ಮ ಜಮೀನಿಗೇ ಬರುತ್ತಾರೆ, ಅದರ ಖರ್ಚು ಸಂಘದ್ದು. ಫಲಕ್ಕೆ ಬಂದ ಮರಗಳನ್ನು ಒಂದೇ ಫಸಲು ನೋಡಿ ಕಡಿಯಬೇಡಿ. ಹುಣಸೆ ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಕಡಿಮೆ ಬಿಡುವುದು ವಾಡಿಕೆ, ಮೂರು ನಾಲ್ಕು ಫಸಲು ನೋಡದೆ ಮರದ ಗುಣ ತಿಳಿಯುವುದಿಲ್ಲ. ಅವುಗಳಲ್ಲಿ ಯಾವುದಾದರೂ ಅಸಾಧಾರಣವಾಗಿ ಬಿಡುತ್ತಿದ್ದರೆ ದಯವಿಟ್ಟು ನಮಗೆ ತಿಳಿಸಿ, ತಮ್ಮ ಒಪ್ಪಿಗೆ ಪಡೆದು ಅದರ ಕುಡಿ ತಂದು ಕಸಿ ಕಟ್ಟುತ್ತೇವೆ.

ಗಿಡಗಳು ಬೇಕಾದವರು ಜಮೀನಿನ ವಿಸ್ತೀರ್ಣ, ಮಣ್ಣು ಎಂಥದ್ದು, ಮೊದಲ ಬೇಸಿಗೆಗಳಿಗೆ ನೀರಿನ ಅನುಕೂಲ ಏನಿದೆ ಎಂಬುದನ್ನು ಬರೆದು ಸಂಘದ ಕಚೇರಿಗೆ ಮುಂಚಿತವಾಗಿ ಕೊಡಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ