ಗದಗಿನಿಂದ ಬಂದ ಬಂಡಲ್

ನಿನ್ನೆ ಗದಗಿನಿಂದ ಬಂಡಲ್ ಬಂತು. ನಮ್ಮ ಸಣ್ಣ ಕಾಲೇಜಿನ ಈ ವರ್ಷದ ಸಾಹಿತ್ಯ ಸಂಚಿಕೆ, 64 ಪುಟ. ಹಗ್ಗ ಬಿಚ್ಚಿದಾಗ ಮಸಿ ವಾಸನೆ ಇನ್ನೂ ಹಸಿ ಇತ್ತು. ಏಳು ತಿಂಗಳು ಇದರ ಹಿಂದೆಯೇ ಓಡಾಡಿದ್ದೇನೆ. ಒಬ್ಬಳೇ ಆಗಿದ್ದರೆ ಆಗುತ್ತಿರಲಿಲ್ಲ.

ಮೊದಲ ನಮಸ್ಕಾರ ಬಿ.ಎ. ಮೊದಲ ವರ್ಷದ ಒಬ್ಬ ತಂಗಿಗೆ. ತನ್ನ ಆಯಿಯ, ಅಂದರೆ ಅಜ್ಜಿಯ, ಬಗ್ಗೆ ಬರೆದುಕೊಟ್ಟಿದ್ದಳು. ಅದರಲ್ಲಿ ಆಯಿ, 'ಎಲ್ಲಿ ಹೊಂಟಿ? ಉಂಡ ಹೋಗವಾ' ಅನ್ನುತ್ತಾಳೆ. ನಾನು ಅದನ್ನು 'ಎಲ್ಲಿಗೆ ಹೊರಟಿದ್ದೀಯ? ಊಟ ಮಾಡಿ ಹೋಗು' ಎಂದು ತಿದ್ದಿದೆ. ಸಂಪಾದಕಿ ಅಂದಮೇಲೆ ತಿದ್ದಬೇಕು ಅಂದುಕೊಂಡಿದ್ದೆ. ಕರಡು ನೋಡಿದ ಆ ಹುಡುಗಿ ಜಾಸ್ತಿ ಮಾತಾಡಲಿಲ್ಲ. 'ಅಕ್ಕಾ, ಇಕಿ ನಮ್ಮ ಆಯಿ ಅಲ್ರಿ, ಬ್ಯಾರೆ ಯಾರೋ ಅದಾರ' ಅಂದಳು. ನಮ್ಮ ಅವ್ವನೂ 'ಹೊಂಟಿ' ಅಂತಲೇ ಕೇಳುವುದು, ಅಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಾನು ತಿದ್ದಿದ್ದ ಬರಹಗಳನ್ನೆಲ್ಲ ಮೂಲದ ಪಕ್ಕ ಇಟ್ಟು ಮತ್ತೆ ಓದಿದೆ. ಎಷ್ಟೋ ಕಡೆ ಹುಡುಗರ ಮಾತನ್ನು ಹಾಗೇ ವಾಪಸ್ ಬರೆದೆ.

ಡಿಟಿಪಿ ಅಕ್ಕನ ಋಣ ದೊಡ್ಡದು. ನಾವೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡುತ್ತಿದ್ದೆವು, ಅದು ಯೂನಿಕೋಡ್. ಅಕ್ಕ ಪುಟ ಕಟ್ಟುವುದು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ. ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತಿತ್ತು, ಒತ್ತಕ್ಷರ ಒಡೆಯುತ್ತಿತ್ತು. ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಅಕ್ಕ ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಿದ್ದರು, ನಾನು ಮೂಲ ಹಿಡಿದು ಕೂತಿರುತ್ತಿದ್ದೆ. ಆಯಿಯ ಮಾತು ಬಂದಾಗ ಓದುವುದು ನಿಲ್ಲಿಸಿ, 'ಇದಕ್ಕ ಮತ್ತ ಕೈ ಹಚ್ಚಬ್ಯಾಡ' ಅಂದರು.

ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಅಲ್ಲಿನ ಪ್ರೆಸ್ಸಿನ ಕಾಕಾ ನನಗೆ ಫಾರಂ ಲೆಕ್ಕ ಹೇಳಿಕೊಟ್ಟರು. ನಮ್ಮ ಅಳತೆಯ ಪುಸ್ತಕಕ್ಕೆ 16 ಪುಟ ಸೇರಿದರೆ ಒಂದು ಫಾರಂ. ನಮ್ಮದು 67 ಪುಟ ಆಗಿತ್ತು. ಮೂರು ಪುಟಕ್ಕಾಗಿ ಐದನೇ ಫಾರಂ ಹಾಕಲು ದುಡ್ಡಿರಲಿಲ್ಲ. ಆಗ ಕನ್ನಡ ಮೇಡಂ ತಮ್ಮ ಲೇಖನವನ್ನೇ ತೆಗೆಸಿದರು. 'ಹುಡುಗರ ಪುಟ ಮುಟ್ಟಬೇಡ' ಅಂದರು. ಮೇಡಂ, ಆ ಮೂರು ಪುಟ ನನ್ನ ಹತ್ತಿರ ಜೋಪಾನವಾಗಿವೆ.

ಬರಹ ಕೊಟ್ಟೂ ಅಚ್ಚಾಗದೆ ಉಳಿದವರಿಗೂ ನನ್ನ ನಮಸ್ಕಾರ. ಮುನಿಸಿಕೊಳ್ಳದೆ ಬಂಡಲ್ ಹೊರಲು ಬಂದವರಲ್ಲಿ ನೀವೇ ಜಾಸ್ತಿ ಇದ್ದಿರಿ.

ಆಯಿಗೆ ಓದಲು ಬರುವುದಿಲ್ಲ. ಇವತ್ತು ರಾತ್ರಿ ಮೊಮ್ಮಗಳೇ ಓದಿ ಹೇಳುತ್ತಾಳಂತೆ. ನನ್ನನ್ನೂ ಊಟಕ್ಕೆ ಕರೆದಿದ್ದಾರೆ. ಐದು ಗಂಟೆಯ ಬಸ್ಸಿಗೆ ಹೊಂಟೇನಿ.