ಬಿಸಿಲೂರಿನ ಕಾರಿಗೆ ದಪ್ಪ ಆಯಿಲ್ ಯಾಕೆ?

ಸಂಪಾದಕರೇ,

ಬೇಸಿಗೆಯಲ್ಲಿ ಕಾರನ್ನು ನೋಡಿಕೊಳ್ಳುವುದು ಹೇಗೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಟೈರಿನ ಗಾಳಿ, ಕೂಲೆಂಟು, ಬ್ಯಾಟರಿ, ಎಲ್ಲ ಸರಿ. ನಡುವೆ ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು: ಬಿಸಿಲು ಜಾಸ್ತಿ ಇರುವ ಊರಿನವರು ಸ್ವಲ್ಪ ದಪ್ಪ ಎಂಜಿನ್ ಆಯಿಲ್ ಹಾಕಿಸಿಕೊಳ್ಳಿ ಅಂತ. ನಾನಿರುವುದು ಕಲಬುರಗಿಯಲ್ಲಿ. ಬಿಸಿಲಿನ ವಿಷಯದಲ್ಲಿ ನಮ್ಮ ಜೊತೆ ಜಗಳಕ್ಕೆ ಬರುವುದಾದರೆ ರಾಯಚೂರಿನವರು ಬರಬೇಕು ಅಷ್ಟೆ. ಆದ್ದರಿಂದ ಈ ಮಾತಿಗೆ ಉತ್ತರ ಕೊಡುವ ಹಕ್ಕು ನನಗೆ ಇದೆ ಅಂದುಕೊಂಡಿದ್ದೇನೆ.

ಇದೇ ಮಾತು ನನಗೆ ಹಿಂದೆ ಒಮ್ಮೆ ದುಬಾರಿಯಾಗಿತ್ತು. ನನ್ನದು ಸಣ್ಣ ಪೆಟ್ರೋಲ್ ಕಾರು, ಅದರ ಪುಸ್ತಕದಲ್ಲಿ 0ಡಬ್ಲ್ಯು-20 ಸಿಂಥೆಟಿಕ್ ಆಯಿಲ್ ಹಾಕಿ ಎಂದು ಬರೆದಿದೆ. ವಾರಂಟಿ ಮುಗಿದ ಮೇಲೆ ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಸಂಜೆ ಹೋದರೆ ಮೆಕ್ಯಾನಿಕ್ ಖುಷಿಯಿಂದ ಹೇಳಿದ: "ಸರ, ನಮ್ಮ ಕಡಿ ಬಿಸಿಲಿಗೆ ಅಂಥ ನೀರಿನಂಥ ಆಯಿಲ್ ನಡ್ಯಂಗಿಲ್ರಿ. ದಪ್ಪಂದು ಹಾಕೀನಿ, ಚಿಂತಿ ಮಾಡಬ್ಯಾಡ್ರಿ." ಹಾಕಿದ್ದು 20ಡಬ್ಲ್ಯು-50. ಬಿಲ್ಲಿನಲ್ಲಿ ಬರೀ "ಎಂಜಿನ್ ಆಯಿಲ್" ಎಂದಿತ್ತು. ಎಂಜಿನ್ ಹಾಳಾಯಿತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡು ಟಕಟಕ ಸದ್ದು ಬರತೊಡಗಿತು, ಗಾಡಿಯ ಎಳೆತ ಮೊದಲಿನಂತಿರಲಿಲ್ಲ, ಮೈಲೇಜೂ ಇಳಿಯಿತು. ಮತ್ತೆ ದುಡ್ಡು ಕೊಟ್ಟು ಸರಿಯಾದ ಆಯಿಲ್ ಹಾಕಿಸಿದೆ. ಸದ್ದು ನಿಂತಿತು.

ಆ ಮೆಕ್ಯಾನಿಕ್ ಮೋಸ ಮಾಡಲಿಲ್ಲ, ಅದು ನನಗೆ ಗೊತ್ತು. ಅಂಬಾಸಿಡರ್ ಓಡುತ್ತಿದ್ದ ಕಾಲದಿಂದ ಕೈಯಿಂದ ಕೈಗೆ ಬಂದ ಲೆಕ್ಕ ಅವನದು. ಹೊರಗೆ ಬಿಸಿಲು, ಬಿಸಿಗೆ ಆಯಿಲ್ ತೆಳ್ಳಗಾಗುತ್ತದೆ, ಹಾಗಾಗಿ ಮೊದಲೇ ದಪ್ಪನೆಯದು ಹಾಕು. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ತಪ್ಪಿರುವುದು ಎಲ್ಲಿ ಅಂದರೆ, ಎಂಜಿನ್ನಿನ ಒಳಗಿನ ಬಿಸಿಯನ್ನು ಠರಾಯಿಸುವುದು ಕಲಬುರಗಿಯ ಸೂರ್ಯ ಅಲ್ಲ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್. ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟು, 90 ಡಿಗ್ರಿ ಆಸುಪಾಸಿನಲ್ಲಿ ಇರುವಂತೆ ಅವು ನೋಡಿಕೊಳ್ಳುತ್ತವೆ. ಮಾಮೂಲಿ ಓಡಾಟದಲ್ಲಿ ಆಯಿಲ್ ಸುಮಾರು 90ರಿಂದ 110 ಡಿಗ್ರಿಯಲ್ಲಿ ಇರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲೂ ಹೆಚ್ಚೂಕಮ್ಮಿ ಅಷ್ಟೇ, ಮೇ ತಿಂಗಳ ಕಲಬುರಗಿಯಲ್ಲೂ ಹೆಚ್ಚೂಕಮ್ಮಿ ಅಷ್ಟೇ.

ಡಬ್ಬಿಯ ಮೇಲಿನ ಎರಡು ಅಂಕಿಗಳನ್ನು ನಮ್ಮಲ್ಲಿ ಎಲ್ಲರೂ ಉಲ್ಟಾ ಓದುತ್ತಾರೆ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ, ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ, 5ಡಬ್ಲ್ಯು ಮೈನಸ್ 30ರಲ್ಲಿ, 15ಡಬ್ಲ್ಯು ಮೈನಸ್ 20ರಲ್ಲಿ. ಕೊನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಅನ್ನುವುದಕ್ಕೆ. ಇದನ್ನು ಸೆಂಟಿಸ್ಟೋಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ತಣ್ಣೀರು ಸುಮಾರು 1 ಅಂದುಕೊಳ್ಳಿ. 20 ಎಂದು ಬರೆದಿದ್ದರೆ 6.9ರಿಂದ 9.3ರ ಒಳಗೆ. 30 ಆದರೆ 9.3ರಿಂದ 12.5ರ ಒಳಗೆ. 40 ಆದರೆ 12.5ರಿಂದ 16.3ರ ಒಳಗೆ. ಅಂದರೆ 0ಡಬ್ಲ್ಯು-30 ಮತ್ತು 5ಡಬ್ಲ್ಯು-30 ಎರಡೂ ಬಿಸಿಯಾದ ಮೇಲೆ ಒಂದೇ ಮಟ್ಟದವು. "ಸೊನ್ನೆ ಅಂದರೆ ನೀರು" ಅಂತ ಅಂಗಡಿಯವರು ಹೇಳುವುದು ಸುಮ್ನೆ ಮಾತು.

ಹಾಗಾದರೆ ಹಿಮವೇ ಬೀಳದ ನಮ್ಮ ಊರಿಗೆ ಈ ಮೊದಲ ಅಂಕಿ ಯಾಕೆ ಬೇಕು? ನನ್ನ ತಮ್ಮನ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದ್ದಾಳೆ. ಅಲ್ಲಿ ಜನವರಿಯಲ್ಲಿ ಮೈನಸ್ 20 ದಾಟುವುದುಂಟು. ಅವಳಿಗೆ ಬೇಕು ಸರಿ, ನಮಗೇಕೆ? ನಾನೂ ಹೀಗೇ ವಾದಿಸುತ್ತಿದ್ದೆ. ಮಜಾ ಇರುವುದು ಇಲ್ಲೇ. ಮಾಮೂಲಿ 5ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿ ಹತ್ತು ಹನ್ನೊಂದು ಸೆಂಟಿಸ್ಟೋಕ್ಸ್ ಇದ್ದರೆ, 40 ಡಿಗ್ರಿಯಲ್ಲಿ ಸುಮಾರು 60 ಇರುತ್ತದೆ. ನಲವತ್ತು ಡಿಗ್ರಿ! ನಾವು ಛತ್ರಿ ಹಿಡಿದು, ಮಜ್ಜಿಗೆ ಕುಡಿದು, ಉಸ್ಸಪ್ಪಾ ಎನ್ನುವ ಮಧ್ಯಾಹ್ನದಲ್ಲಿ, ನಿಲ್ಲಿಸಿಟ್ಟ ಕಾರಿನ ಆಯಿಲ್ ಇನ್ನೂ ತನಗೆ ಬೇಕಾದ್ದಕ್ಕಿಂತ ಐದಾರು ಪಟ್ಟು ಮಂದವಾಗಿ ತಳದಲ್ಲಿ ಕೂತಿರುತ್ತದೆ. ಅದೇ 40 ಡಿಗ್ರಿಯಲ್ಲಿ 15ಡಬ್ಲ್ಯು-40 ಸುಮಾರು 100 ದಾಟಿರುತ್ತದೆ. ಎಂಜಿನ್ನಿನ ಲೆಕ್ಕದಲ್ಲಿ ನಮ್ಮ ಮೇ ತಿಂಗಳೂ ಚಳಿಗಾಲವೇ. ಜೋನಿಬೆಲ್ಲದ ಡಬ್ಬಿ ನೆನಪಿಸಿಕೊಳ್ಳಿ, ಒಲೆ ಪಕ್ಕ ಇಟ್ಟರೆ ಸರಸರ ಸುರಿಯುತ್ತದೆ, ಇಲ್ಲದಿದ್ದರೆ ಡಬ್ಬಿ ಬೋರಲು ಹಾಕಿ ಕಾಯುತ್ತ ನಿಲ್ಲಬೇಕು. ಎಂಜಿನ್ ಸವೆಯುವುದು ಜಾಸ್ತಿ ಹೀಗೆ ಕಾಯುವ ಹೊತ್ತಿನಲ್ಲೇ, ಸ್ಟಾರ್ಟ್ ಮಾಡಿದ ಮೊದಲ ಗಳಿಗೆಗಳಲ್ಲಿ. ನನ್ನ ಕಾರಿನ ಟಕಟಕ ಸದ್ದು ಯಾಕೆ ಅಂತ ಆಮೇಲೆ ಅರ್ಥವಾಯಿತು.

ಈಗಿನ ಎಂಜಿನ್ನುಗಳಲ್ಲಿ ಬೇರಿಂಗಿನ ಸಂದು, ಆಯಿಲ್ ಪಂಪು ಎಲ್ಲವನ್ನೂ ತೆಳು ಆಯಿಲ್ ಲೆಕ್ಕ ಹಿಡಿದೇ ಮಾಡಿರುತ್ತಾರೆ. ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಅನೇಕ ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. 2017ರಿಂದ ನಮ್ಮ ದೇಶದಲ್ಲಿ ಕಾರು ಕಂಪನಿಗಳಿಗೆ ಸರಾಸರಿ ಇಂಧನ ಬಳಕೆಯ ಮಿತಿ ಇದೆ, 2022ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ತೆಳು ಆಯಿಲಿನಿಂದ ಒಂದಿಷ್ಟು ಪೆಟ್ರೋಲ್ ಉಳಿಯುತ್ತದೆ. ಆದ್ದರಿಂದ ಪುಸ್ತಕದಲ್ಲಿ ತೆಳು ಆಯಿಲ್ ಬರೆಯುವುದರಲ್ಲಿ ಕಂಪನಿಯ ಲಾಭವೂ ಇದೆ ಎಂದು ಗೊಣಗುವವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ 20ಡಬ್ಲ್ಯು-50 ಅಲ್ಲ. ಕೆಲವು ಪುಸ್ತಕಗಳಲ್ಲಿ ಎರಡು ಮೂರು ಗ್ರೇಡ್, ಅಂದರೆ ಇಂಥ ಅಂಕಿಯ ಜೋಡಿ, ಕೊಟ್ಟಿರುತ್ತಾರೆ. ಐದು ಜನ, ಮೇಲೆ ಲಗೇಜು, ಎಸಿ ಹಾಕಿಕೊಂಡು ಪದೇ ಪದೇ ಚಾರ್ಮಾಡಿ ಘಾಟಿ ಹತ್ತುವವರು, ಅಥವಾ ಒಂದೂವರೆ ಲಕ್ಷ ಕಿಲೋಮೀಟರ್ ಓಡಿ ಆಯಿಲ್ ಕುಡಿಯಲು ಶುರುಮಾಡಿದ ಗಾಡಿಯವರು, ಅದರಲ್ಲಿ ಕೊನೆಯ ಅಂಕಿ ದೊಡ್ಡದಿರುವ ಗ್ರೇಡ್ ಹಾಕಿಸಲಿ. ನಾನಾದರೂ ಹಾಗೇ ಮಾಡುತ್ತೇನೆ. ಒಂದೇ ಗ್ರೇಡ್ ಬರೆದಿದ್ದರೆ ಅದನ್ನೇ ಹಾಕಿ, ಮುಗಿಯಿತು.

"ಫುಲ್ಲಿ ಸಿಂಥೆಟಿಕ್" ಎಂಬ ದಪ್ಪಕ್ಷರಕ್ಕೆ ಮರುಳಾಗಿ ಉಳಿದದ್ದನ್ನು ಬಿಡಬೇಡಿ. ಮೊದಲು ಸಿಂಥೆಟಿಕ್ ಅಂದರೆ ಕಾರ್ಖಾನೆಯಲ್ಲಿ ಅಣು ಜೋಡಿಸಿ ಮಾಡಿದ್ದು ಅನ್ನುವ ಅರ್ಥವಿತ್ತು. 1999ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಆಯಿಲ್ ಕಂಪನಿಗಳ ಜಾಹೀರಾತು ಜಗಳ ತೀರ್ಮಾನವಾದ ಮೇಲೆ, ಕಚ್ಚಾ ತೈಲವನ್ನೇ ಚೆನ್ನಾಗಿ ಸಂಸ್ಕರಿಸಿದ್ದಕ್ಕೂ ಆ ಹೆಸರು ಸಂದಿತು. ಅದು ಕೆಟ್ಟದ್ದೇನಲ್ಲ. ನೋಡಬೇಕಾದ್ದು ಗ್ರೇಡ್, ಮತ್ತು ಎಪಿಐ ಅಕ್ಷರಗಳು, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಗುಣಮಟ್ಟದ ಗುರುತು. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇದ್ದರೆ ಡೀಸೆಲ್‌ಗೆ. 2020ರಲ್ಲಿ ಬಂದ ಎಸ್‌ಪಿ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ನುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಬಿಎಸ್6 ಡೀಸೆಲ್ ಗಾಡಿಯವರು ಬೂದಿ ಕಡಿಮೆ ಬಿಡುವ ಆಯಿಲನ್ನೇ ಕೇಳಿ ಹಾಕಿಸಬೇಕು, ಇಲ್ಲದಿದ್ದರೆ ಬೂದಿ ತುಂಬಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದರ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ.

ಇನ್ನು ನನ್ನ ಬೇಡಿಕೆ. ಗ್ಯಾರೇಜಿನವರು ಬಿಲ್ಲಿನಲ್ಲಿ "ಆಯಿಲ್" ಎಂದಷ್ಟೇ ಗೀಚದೆ ಗ್ರೇಡ್, ಎಪಿಐ ಅಕ್ಷರ, ಎಷ್ಟು ಲೀಟರ್ ಎಂದು ಬರೆಯಲಿ. ಡ್ರಮ್ಮಿನಿಂದ ಸುರಿಯುವ ಬದಲು ನಮ್ಮ ಕಣ್ಣೆದುರು ಸೀಲ್ ಒಡೆಯಲಿ. ಖಾಲಿ ಡಬ್ಬಿಯನ್ನು ನಾವೂ ತೂತು ಮಾಡಿಯೇ ಬಿಡೋಣ, ಗುಜರಿ ಸೇರಿದ ಡಬ್ಬಿ ಮತ್ತೆ ತುಂಬಿಕೊಂಡು ಅಂಗಡಿಗೆ ಬರಬಾರದಲ್ಲ. ಕಾರು ಕಂಪನಿಗಳು ಪುಸ್ತಕದ ಆಯಿಲ್ ಪುಟವನ್ನಾದರೂ ಕನ್ನಡದಲ್ಲಿ ಕೊಡಲಿ. ನನ್ನ ಕಾರಿನದು ಪೂರ್ತಿ ಇಂಗ್ಲಿಷಿನಲ್ಲಿದೆ, ನಾನು ಅದನ್ನು ಮೊದಲ ಸಲ ಬಿಚ್ಚಿದ್ದು ಆ ಟಕಟಕ ಸದ್ದು ಬಂದ ಮೇಲೆಯೇ. ನಿಮ್ಮ ಅಂಕಣಕಾರರೂ ಆ ಸಾಲನ್ನು ತಿದ್ದಿ ಇನ್ನೊಮ್ಮೆ ಬರೆದರೆ ಒಳ್ಳೆಯದು.

ಅಂದಹಾಗೆ ಆ ಮೆಕ್ಯಾನಿಕ್ ಹತ್ತಿರವೇ ಈಗಲೂ ಹೋಗುತ್ತೇನೆ. ಪುಸ್ತಕದ ಆ ಪುಟದ ಜೆರಾಕ್ಸ್ ಕೊಟ್ಟಿದ್ದೆ, ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಇತಿ,
ನಿಮ್ಮ ಓದುಗ, ಕಲಬುರಗಿ